ಗಿಳಿ, ಆಮೆ, ಮೊಲ: ಸಾಕಲು ಆಗದಿದ್ದಾಗ ಯಾರ ಕೈಗೆ ಒಪ್ಪಿಸಬೇಕು?

ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯವರಿಗೆ ಕೋಲ್ಕತ್ತಕ್ಕೆ ವರ್ಗವಾಯಿತು. ಬ್ಯಾಂಕಿನ ನೌಕರಿ. ಹದಿನೈದು ದಿನದಲ್ಲಿ ಬೆಳಗಾವಿಯ ಟಿಳಕವಾಡಿಯ ಮನೆ ಖಾಲಿ ಮಾಡಬೇಕಿತ್ತು. ಸಾಮಾನು ಕಟ್ಟಲು ಜನ ಸಿಕ್ಕರು. ಆದರೆ ಮನೆಯಲ್ಲಿ ಎರಡು ಬಿಳಿ ಮೊಲ ಇದ್ದವು, ಗಾಜಿನ ತೊಟ್ಟಿಯಲ್ಲಿ ಒಂದು ಆಮೆ ಇತ್ತು, ಪಡಸಾಲೆಯ ಪಂಜರದಲ್ಲಿ ಒಂದು ಹಸಿರು ಗಿಳಿ ಇತ್ತು.

"ಘಟಪ್ರಭಾ ಪಕ್ಷಿಧಾಮ ಐತೆಲ್ರಿ. ಭಾನುವಾರ ಕಾರ್ ತಗೊಂಡು ಹೋಗಿ ಎಲ್ಲಾನೂ ಅಲ್ಲೇ ಬಿಟ್ಟು ಬರ್ತೀವಿ. ಅವೂ ಆರಾಮ ಇರ್ತಾವ, ನಮಗೂ ಪುಣ್ಯ" ಎಂದರು ಆ ಮನೆಯ ಅಕ್ಕ.

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಐದಾರು ವರ್ಷ ಮಕ್ಕಳಂತೆ ನೋಡಿಕೊಂಡ ಪ್ರಾಣಿಗಳು. ಇದೇ ಮಾತನ್ನು ನಾನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಓದು ಮುಗಿಸಿ ಊರಿಗೆ ಹೊರಟ ಹಾಸ್ಟೆಲ್ ಹುಡುಗರು, ಮಗುವಿಗೆ ಅಲರ್ಜಿ ಶುರುವಾದ ಮನೆಯವರು, ಬಾಡಿಗೆ ಮನೆಯ ಮಾಲೀಕರಿಂದ ಬೈಸಿಕೊಂಡವರು, ಎಲ್ಲರಿಗೂ ಮೊದಲು ಹೊಳೆಯುವುದು "ಎಲ್ಲಾದರೂ ಬಿಟ್ಟು ಬರೋಣ" ಎಂಬುದೇ.

ನಮ್ಮ ಊರುಗಳಲ್ಲಿ ದೇವರಿಗೆ ಹೋರಿ ಬಿಡುತ್ತಾರೆ. ಹಾಗೆ ಬಿಟ್ಟ ಹೋರಿಗೆ ಇಡೀ ಊರೇ ವಾರಸುದಾರ. ಹೊಲಕ್ಕೆ ಬಾಯಿ ಹಾಕಿದರೂ ಹೊಡೆಯುವುದಿಲ್ಲ, ಬಾಗಿಲಿಗೆ ಬಂದರೆ ರೊಟ್ಟಿ ಕೊಟ್ಟು ಕಳಿಸುತ್ತಾರೆ. ಅಲ್ಲಿ ಬಿಡುವುದೆಂದರೆ ಎಲ್ಲರ ಕೈಗೆ ಒಪ್ಪಿಸುವುದು. ಘಟಪ್ರಭೆಯ ದಂಡೆಯಲ್ಲಿ ಬಿಟ್ಟ ಬಿಳಿ ಮೊಲಕ್ಕೆ ಅಂಥ ಊರು ಎಲ್ಲಿದೆ? ಅದರ ಮೂಲ ಯುರೋಪಿನ ಮೊಲ. ನೂರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದ ತಳಿ. ನಮ್ಮ ಹೊಲಗಳಲ್ಲಿ ಕಂದು ಬಣ್ಣದ ಕಾಡುಮೊಲ ಹೆಂಟೆಯ ನಡುವೆ ಕುಳಿತರೆ ಕಣ್ಣಿಗೇ ಬೀಳುವುದಿಲ್ಲ. ಬಿಳಿ ಮೊಲ ಬೆಳದಿಂಗಳಲ್ಲಿ ಅರ್ಧ ಫರ್ಲಾಂಗು ದೂರಕ್ಕೆ ಕಾಣುತ್ತದೆ. ನಾಯಿ ಬಂದರೆ ಓಡಬೇಕೆಂದೂ ಅದಕ್ಕೆ ತಿಳಿಯದು. ಒಂದೆರಡು ರಾತ್ರಿಯ ಮಾತು ಅಷ್ಟೇ.

ಕಾನೂನು ಕೂಡ ಇದನ್ನು ಪುಣ್ಯ ಎನ್ನುವುದಿಲ್ಲ. ಹಸಿವು, ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಈ ಮೊತ್ತ ದಶಕಗಳಿಂದ ಹಾಗೇ ಉಳಿದಿದೆ. ಹಾಗಂತ ತಪ್ಪು ಸಣ್ಣದಾಗುವುದಿಲ್ಲ.

ಪಕ್ಷಿಧಾಮ, ಅಭಯಾರಣ್ಯ ಎಂಬ ಹೆಸರುಗಳಿಂದಲೂ ಗೊಂದಲ ಆಗುತ್ತದೆ. ಬೇರೆ ದೇಶಗಳಲ್ಲಿ ಜನ ಸಾಕಲಾಗದೆ ತಂದುಕೊಟ್ಟ ಮೊಲ, ಗಿಳಿ, ಹಾವುಗಳನ್ನು ಸಾಯುವತನಕ ನೋಡಿಕೊಳ್ಳುವ ಆಶ್ರಯ ತಾಣಗಳಿವೆ. ಅಲ್ಲಿ ಪಂಜರ, ಡಾಕ್ಟರ್, ಊಟ ಹಾಕುವವರು ಎಲ್ಲ ಇರುತ್ತಾರೆ. ನಮ್ಮ ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮ, ಖಾನಾಪುರದ ಭೀಮಗಡ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಅಭಯಾರಣ್ಯ ಅಂಥವಲ್ಲ. ಅಲ್ಲಿನ ಕಾಡು, ನೀರು, ಹುಲ್ಲುಗಾವಲು ಅಲ್ಲೇ ಹುಟ್ಟಿದ ಅಥವಾ ತಾವಾಗಿ ಹಾರಿ ಬಂದ ಜೀವಗಳಿಗೆ ಮೀಸಲು. ಯಾರೂ ಯಾರಿಗೂ ಊಟ ಹಾಕುವುದಿಲ್ಲ. ಮನೆಯಿಂದ ಹೋದ ಪ್ರಾಣಿ ಅಲ್ಲಿ ಒಂದೋ ಸಾಯುತ್ತದೆ, ಇಲ್ಲವೇ ತನ್ನ ರೋಗವನ್ನು ಅಲ್ಲಿನವಕ್ಕೆ ಅಂಟಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಪಕ್ಕದ ಮನೆಯ ನಾಲ್ಕು ಜೀವಗಳನ್ನೇ ಹಿಡಿದು ಹೇಳುತ್ತೇನೆ. ಒಂದೇ ಮನೆಯಲ್ಲಿದ್ದರೂ ಅವುಗಳ ದಾರಿ ಬೇರೆ ಬೇರೆ.

ಗಿಳಿಯಿಂದ ಶುರು ಮಾಡೋಣ. ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮ ಹಸಿರು ಗಿಳಿಯನ್ನು ಸಾಕುವುದು ತಪ್ಪೆಂದು ತುಂಬಾ ಜನರಿಗೆ ಗೊತ್ತೇ ಇಲ್ಲ. ಜಾತ್ರೆಯಲ್ಲಿ ಭವಿಷ್ಯ ಹೇಳುವ ಗಿಳಿ ನೋಡಿ ಬೆಳೆದವರು ನಾವು, ಅಲ್ವಾ? ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಸಂರಕ್ಷಿತ ಹಕ್ಕಿ. 2022ರ ತಿದ್ದುಪಡಿಯ ನಂತರ ಅದರ ಹೆಸರು ಕಾಯ್ದೆಯ 2ನೇ ಅನುಸೂಚಿಯಲ್ಲಿ, ಅಂದರೆ ಎರಡನೇ ಪಟ್ಟಿಯಲ್ಲಿದೆ. ಮೈನಾ, ರಾಟವಾಳ, ಕಾಡುಮೊಲ ಇವೂ ಅಷ್ಟೇ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಕ್ಷತ್ರ ಆಮೆಯ ವಿಷಯ ಇನ್ನೂ ಗಂಭೀರ. ಅದು 1ನೇ ಅನುಸೂಚಿಗೆ ಏರಿದೆ. ಇಂಥ ಪ್ರಾಣಿಗಳನ್ನು ಮಾರುವಂತಿಲ್ಲ, ಗೆಳೆಯರಿಗೆ ಉಡುಗೊರೆ ಕೊಡುವಂತಿಲ್ಲ, "ನಾಲ್ಕು ತಿಂಗಳು ನೋಡಿಕೊಳ್ರಿ" ಎಂದು ಇನ್ನೊಬ್ಬರ ಮನೆಯಲ್ಲಿ ಇಡುವಂತೆಯೂ ಇಲ್ಲ. ಇಟ್ಟುಕೊಂಡವರೂ ತೊಂದರೆಗೆ ಸಿಗುತ್ತಾರೆ. ಇರುವ ದಾರಿ ಒಂದೇ, ಅರಣ್ಯ ಇಲಾಖೆ.

ಇಲಾಖೆಯ ಹೆಸರು ಕೇಳಿದರೆ ಜನ ಹೆದರುತ್ತಾರೆ. ಹೆದರಿಕೆಗೆ ಕಾರಣವೂ ಇದೆ. ಕಾಯ್ದೆಯ ಸಾಮಾನ್ಯ ಶಿಕ್ಷೆಯೇ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಾನಾಗಿ ತಂದೊಪ್ಪಿಸಿದವರಿಗೆ ಮಾಫಿ ಎಂದು ಎಲ್ಲರಿಗೂ ಅನ್ವಯಿಸುವ ಮಾತು ಕಾಯ್ದೆಯಲ್ಲಿಲ್ಲ. 2022ರಲ್ಲಿ ಸೇರಿದ 42ಎ ಕಲಮು ಸ್ವಇಚ್ಛೆಯಿಂದ ಒಪ್ಪಿಸಲು ದಾರಿ ಕೊಟ್ಟಿದೆ. ಆದರೆ ಅದು ಮಾಲೀಕತ್ವದ ಪ್ರಮಾಣಪತ್ರ ಇದ್ದವರಿಗೆ. ಇಷ್ಟೆಲ್ಲ ಇದ್ದರೂ ನಾನು ಹೇಳುವುದು ಇದನ್ನೇ: ಇಲಾಖೆಯವರು ಬಾಗಿಲು ಬಡಿದು ಹಿಡಿದುಕೊಂಡು ಹೋಗುವುದಕ್ಕೂ, ನೀವೇ ಪತ್ರ ಬರೆದು ಕೈಗೆ ಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಹಕ್ಕಿ ಹೇಗೆ ಬಂತು, ಎಷ್ಟು ವರ್ಷ ಆಯಿತು, ಏನು ತಿನ್ನುತ್ತದೆ, ಯಾಕೆ ಕೊಡುತ್ತಿದ್ದೀರಿ, ಇಷ್ಟನ್ನು ಸುಳ್ಳಿಲ್ಲದೆ ಒಂದು ಹಾಳೆಯಲ್ಲಿ ಬರೆಯಿರಿ. ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅಥವಾ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಕೇಳಿ. ಪತ್ರದ ಇನ್ನೊಂದು ಪ್ರತಿಗೆ ಸಹಿ, ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ. ಪ್ರಾಣಿಗಳು ಜಾಸ್ತಿ ಇದ್ದರೆ ಒಬ್ಬ ವಕೀಲರನ್ನು ಕೇಳಿಯೇ ಹೋಗಿ.

ಗಿಳಿಯನ್ನು ಇಲಾಖೆಯವರು ತಕ್ಷಣ ಆಕಾಶಕ್ಕೆ ಹಾರಿಸಲಿ ಎಂದು ಬಯಸಬೇಡಿ. ರೆಕ್ಕೆ ಕತ್ತರಿಸಿದ ಗಿಳಿಗೆ ಆ ಗರಿ ಉದುರಿ ಹೊಸದು ಬರುವತನಕ ಹಾರಲು ಆಗುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಗರಿ ಬಂದ ಮೇಲೂ ಎದೆಯ ಸ್ನಾಯು ಗಟ್ಟಿಯಾಗಬೇಕು, ತಾನೇ ಕಾಯಿ ಹುಡುಕಿ ತಿನ್ನಲು ಕಲಿಯಬೇಕು, ಬೇರೆ ಗಿಳಿಗಳ ಜೊತೆ ಬೆರೆಯಬೇಕು. ಮರಿಯಿದ್ದಾಗಿನಿಂದ ಮನುಷ್ಯರನ್ನೇ ತನ್ನವರೆಂದು ನಂಬಿದ ಹಕ್ಕಿ ಕೆಲವೊಮ್ಮೆ ಎಂದೂ ಕಾಡಿಗೆ ಹೋಗಲಾರದು. ಪಕ್ಕದ ಮನೆಯ ಗಿಳಿಗೆ ರೆಕ್ಕೆ ಕತ್ತರಿಸಿತ್ತು. ಕೊಟ್ಟು ಬಂದ ದಿನ ಅಕ್ಕ ಊಟ ಮಾಡಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಭೂತರಾಮನಹಟ್ಟಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯ ಇದೆಯಲ್ಲ, ಹೆದ್ದಾರಿ ಹಿಡಿದರೆ ಹತ್ತಿರ, ಸೀದಾ ಅಲ್ಲಿಗೇ ಕೊಟ್ಟರೆ ಆಗದೇ? ಆಗುವುದಿಲ್ಲ. ಮೃಗಾಲಯ ಯಾವ ಪ್ರಾಣಿಯನ್ನು ಎಲ್ಲಿಂದ ಪಡೆಯಬಹುದು ಎಂಬುದಕ್ಕೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಕಟ್ಟುನಿಟ್ಟಾದ ನಿಯಮಗಳಿವೆ. ಗೇಟಿನಲ್ಲಿ ನಿಂತ ಕಾವಲುಗಾರರಿಗೆ ಪಂಜರ ಇಸಿದುಕೊಳ್ಳುವ ಅಧಿಕಾರ ಇಲ್ಲ. ಇಲಾಖೆಯ ಮೂಲಕ ಬಂದ ಪ್ರಾಣಿಯನ್ನೂ ಮೊದಲು ಬೇರೆ ಇಡುತ್ತಾರೆ, ರೋಗ ಇದೆಯೇ ಎಂದು ವಾರಗಟ್ಟಲೆ ನೋಡುತ್ತಾರೆ. ಇದು ಸುಮ್ನೆ ಮಾಡುವ ಶಾಸ್ತ್ರ ಅಲ್ಲ. 2025ರ ನವೆಂಬರಿನಲ್ಲಿ ಇದೇ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಕೃಷ್ಣಮೃಗಗಳು ಗಳಲೆ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ ಸತ್ತವು. ಸೋಂಕು ಒಮ್ಮೆ ಒಳಗೆ ಬಂದರೆ ಎಷ್ಟು ಬೇಗ ಹಬ್ಬುತ್ತದೆ ಎಂದು ಬೆಳಗಾವಿಯವರಾದ ನಾವು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಯಾವ ಆಶ್ರಯ ಕೇಂದ್ರವಾದರೂ "ಈಗ ಜಾಗ ಇಲ್ಲ, ಎರಡು ತಿಂಗಳು ಕಾಯಿರಿ" ಎಂದರೆ ಅದನ್ನು ಸೊಕ್ಕು ಎಂದುಕೊಳ್ಳಬೇಡಿ. ಕಣ್ಣು ಮುಚ್ಚಿ ಎಲ್ಲವನ್ನೂ ಒಳಗೆ ಹಾಕಿಕೊಳ್ಳುವ ಕೇಂದ್ರವನ್ನು ಕಂಡರೆ ನನಗೆ ಜಾಸ್ತಿ ಭಯ.

ಹೊರದೇಶದ ಪ್ರಾಣಿಗಳ ಲೆಕ್ಕ ಬೇರೆ. ಬೂದು ಬಣ್ಣದ ಆಫ್ರಿಕನ್ ಗಿಳಿ, ಮಕಾವ್, ಇಗುವಾನ, ಬಾಲ್ ಪೈಥಾನ್ ಇವೆಲ್ಲ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಆ ಪಟ್ಟಿಯನ್ನು ನಮ್ಮ ಕಾಯ್ದೆಯ 4ನೇ ಅನುಸೂಚಿಯಾಗಿ ಸೇರಿಸಿಕೊಂಡಿತು. 2024ರ ಫೆಬ್ರುವರಿ 28ರಂದು ನೋಂದಣಿಯ ನಿಯಮಗಳು ಬಂದವು. ಇಂಥ ಪ್ರಾಣಿ ಇದ್ದವರು ಆರು ತಿಂಗಳೊಳಗೆ ಪರಿವೇಶ್ ಎಂಬ ಸರ್ಕಾರಿ ಜಾಲತಾಣದಲ್ಲಿ ದಾಖಲಿಸಬೇಕಿತ್ತು. ಮರಿ ಹಾಕಿದರೂ, ಸತ್ತರೂ, ಬೇರೆಯವರ ಕೈಗೆ ಹೋದರೂ ತಿಳಿಸಬೇಕು. ಅಂದರೆ ನಿಮ್ಮ ಆಫ್ರಿಕನ್ ಗಿಳಿಯನ್ನು ಆಶ್ರಯ ಕೇಂದ್ರಕ್ಕೆ ಕೊಡುವುದಿದ್ದರೆ, ಸ್ವಲ್ಪ ಕಾಲ ಇನ್ನೊಬ್ಬರ ಮನೆಯಲ್ಲಿ ಇಡುವುದಿದ್ದರೂ, ಕಾಗದ ಮೊದಲು, ಪಂಜರ ಆಮೇಲೆ. ನೋಂದಣಿ ಮಾಡಿಸದೇ ಇದ್ದರೆ ಅದನ್ನು ಮುಚ್ಚಿಟ್ಟು ಕೈ ದಾಟಿಸಬೇಡಿ. ಡಿಸಿಎಫ್, ಅಂದರೆ ಉಪ ಅರಣ್ಯ ಸಂರಕ್ಷಣಾಧಿಕಾರಿಯ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ. ಆ ಗಿಳಿ 40-50 ವರ್ಷ ಬದುಕುತ್ತದೆ. ನಿಮ್ಮ ನಂತರವೂ ಅದಕ್ಕೆ ಕಾಗದ ಬೇಕು.

ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಸಣ್ಣ ಬಜರಿಗಾರ್ ಹಕ್ಕಿ, ಜುಟ್ಟಿನ ಕಾಕಟೀಲ್ ಇವು ಸೈಟಿಸ್ ಪಟ್ಟಿಯಲ್ಲಿಲ್ಲ. ಗಿನಿ ಪಿಗ್, ಹ್ಯಾಮ್‌ಸ್ಟರ್, ಬಿಳಿ ಮೊಲವೂ ಇಲ್ಲ. ಇವನ್ನು ಒಬ್ಬರಿಂದ ಒಬ್ಬರಿಗೆ ಕೊಡಬಹುದು. ಪೇಚಾಟ ಇರುವುದು ಸರಿಯಾದ ಮನೆ ಹುಡುಕುವುದರಲ್ಲಿ.

ಈಗ ಮೊಲಗಳಿಗೆ ಬರುತ್ತೇನೆ. ನನ್ನ ಹೆಚ್ಚಿನ ಸಮಯ ಹೋದದ್ದೂ ಅವುಗಳಿಗೇ.

ಸಾಕಲು ಕೊಡುವುದು ನಮ್ಮ ಕಡೆ ಹೊಸದಲ್ಲ. ಆಡು, ಎಮ್ಮೆಯನ್ನು ಪಾಲಿಗೆ ಸಾಕಲು ಕೊಡುತ್ತೇವೆ. ಮರಿ ಹುಟ್ಟಿದರೆ ಯಾರಿಗೆಷ್ಟು, ಸತ್ತರೆ ಏನು, ಹಾಲು ಯಾರದು, ಎಲ್ಲ ಮೊದಲೇ ಮಾತಾಗಿರುತ್ತದೆ. ಮೊಲವನ್ನು ಇನ್ನೊಬ್ಬರ ಮನೆಯಲ್ಲಿ ಇಡುವಾಗ ಮಾತ್ರ ನಾವು ಏನನ್ನೂ ಮಾತಾಡುವುದಿಲ್ಲ. "ಸಣ್ಣ ಪ್ರಾಣಿ, ಏನ್ ಮಹಾ" ಎನ್ನುತ್ತೇವೆ. ಜಗಳ ಹುಟ್ಟುವುದು ಅಲ್ಲೇ. ಕೊಡುವುದರಲ್ಲೂ ಎರಡು ರೀತಿ ಇದೆ. ಒಂದು, ಪೂರ್ತಿ ಒಪ್ಪಿಸುವುದು. ಆಮೇಲೆ ಅದು ಅವರದೇ, ಮರಳಿ ಕೇಳುವಂತಿಲ್ಲ. ಇನ್ನೊಂದು, ಗಡುವು ಇಟ್ಟು ಸಾಕಲು ಕೊಡುವುದು. ಮಾಲೀಕರು ನೀವೇ, ಖರ್ಚೂ ನಿಮ್ಮದೇ. ಎರಡರಲ್ಲಿ ಯಾವುದೆಂದು ಮೊದಲು ನಿಮ್ಮ ಮನೆಯಲ್ಲೇ ತೀರ್ಮಾನ ಆಗಬೇಕು. ಗಡುವಿನ ಮೇಲೆ ಕೊಡುವುದಾದರೆ ತಿಂಗಳ ಮೇವಿಗೆ ಯಾರು ದುಡ್ಡು ಕೊಡಬೇಕು, ಕಾಯಿಲೆ ಬಿದ್ದರೆ ನಿಮ್ಮನ್ನು ಕೇಳದೆ ಎಷ್ಟರವರೆಗೆ ಖರ್ಚು ಮಾಡಬಹುದು, ಹೇಳಿದ ದಿನಕ್ಕೆ ನೀವು ಬರದಿದ್ದರೆ ಮುಂದೇನು, ಇಷ್ಟನ್ನಾದರೂ ಬರೆದು ಇಬ್ಬರೂ ಸಹಿ ಮಾಡಿ. ಮರಿ ಮಾಡಿಸಬಾರದು ಎಂಬುದನ್ನು ಮರೆಯದೆ ಸೇರಿಸಿ.

ಯಾಕೆಂದರೆ ಮೊಲದ ಗಬ್ಬ ಸುಮಾರು 30 ದಿನ ಮಾತ್ರ. ಮರಿ ಹಾಕಿದ ದಿನವೇ ಮತ್ತೆ ಗಬ್ಬ ನಿಲ್ಲಬಲ್ಲದು. ಗಿನಿ ಪಿಗ್ ಕೂಡ ಮರಿ ಹಾಕಿದ ಕೂಡಲೇ ಮತ್ತೆ ಗಬ್ಬ ನಿಲ್ಲಬಲ್ಲದು. ಪಕ್ಕದ ಮನೆಯವರಿಗೆ ಅಂಗಡಿಯಲ್ಲಿ "ಎರಡೂ ಗಂಡು" ಎಂದು ಹೇಳಿ ಕೊಟ್ಟಿದ್ದರು. ಇವರ ಅದೃಷ್ಟಕ್ಕೆ ಎರಡೂ ಹೆಣ್ಣು! ಸಣ್ಣ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಆದ್ದರಿಂದ ಕೊಡುವ ಮುಂಚೆ ಒಮ್ಮೆ ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು. ಜೊತೆಗೇ ಬೆಳೆದ ಎರಡು ಮೊಲಗಳನ್ನು ಎರಡು ಮನೆಗೆ ಹಂಚಬೇಡಿ, ಕೊರಗುತ್ತವೆ. ಹ್ಯಾಮ್‌ಸ್ಟರ್‌ಗೆ ಇದು ಉಲ್ಟಾ. ಅದು ಒಂಟಿ ಜೀವಿ. ಇನ್ನೊಂದರ ಜೊತೆ ಹಾಕಿದರೆ ಕಚ್ಚಾಡಿ ಸಾಯಬಹುದು.

ನಮ್ಮ ಕಡೆಯ ಪಶುವೈದ್ಯರ ಬಹುಪಾಲು ಕೆಲಸ ದನ, ಎಮ್ಮೆ, ಕುರಿ, ನಾಯಿಗಳದ್ದು. ಅವರ ಅನುಭವವನ್ನು ನಾನು ಗೌರವಿಸುತ್ತೇನೆ. ಆದರೂ ಎರಡು ಮಾತು ನೀವೇ ನೆನಪಿಸಿ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧವನ್ನು ಮೊಲ, ಗಿನಿ ಪಿಗ್‌ಗಳಿಗೆ ಬಾಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣಿಯೇ ಹೋಗಬಹುದು. ನಾಯಿಯ ಉಣ್ಣೆಗೆ ಹಾಕುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ. ಹೊಸ ಮನೆಯವರಿಗೂ ಇದನ್ನು ಬರೆದುಕೊಡಿ.

ಮೇವಿನ ಬಗ್ಗೆ ಹೇಳದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಮೊಲದ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸುವುದು ಒಣಹುಲ್ಲು. ಹಗಲೂ ರಾತ್ರಿ ಹುಲ್ಲು ಮುಂದಿರಬೇಕು. ಗರಿಕೆ, ಕೊತ್ತಂಬರಿ ಒಳ್ಳೆಯದು. ಚಿತ್ರದಲ್ಲಿ ನೋಡಿ ಎಲ್ಲರೂ ಗಜ್ಜರಿ ಹಾಕುತ್ತಾರೆ, ಅದರಲ್ಲಿ ಸಕ್ಕರೆ ಜಾಸ್ತಿ, ಒಂದು ತುಣುಕು ಸಾಕು. ಗಿನಿ ಪಿಗ್‌ಗೆ ನಮ್ಮ ಹಾಗೆಯೇ ಸಿ ಜೀವಸತ್ವವನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಬರುವುದಿಲ್ಲ. ದಿನಾ ಒಂದಿಷ್ಟು ದೊಣ್ಣೆಮೆಣಸಿನಕಾಯಿ, ಒಂದು ಚೂರು ಪೇರಲ ಬೇಕು. ಕೊಡುವ ದಿನ ಒಂದು ವಾರದ ಹಳೆಯ ಮೇವನ್ನು ಕಟ್ಟಿ ಜೊತೆಗೆ ಕಳಿಸಿ. ಜಾಗ, ಜನ, ಊಟ ಮೂರೂ ಒಂದೇ ದಿನ ಬದಲಾದರೆ ಮೊಲ ತಿನ್ನುವುದನ್ನೇ ನಿಲ್ಲಿಸುತ್ತದೆ. ಹನ್ನೆರಡು ತಾಸು ಏನೂ ತಿನ್ನದೆ, ಹಿಕ್ಕೆ ಹಾಕದೆ ಕುಳಿತರೆ ಅದು ಮುನಿಸಲ್ಲ, ಕರುಳು ನಿಲ್ಲುತ್ತಿದೆ ಎಂದು ತಿಳಿದು ಡಾಕ್ಟರ್ ಹತ್ತಿರ ಓಡಬೇಕು.

ಮನೆ ಹುಡುಕುವಾಗ "ಫ್ರೀ" ಎಂದು ಬರೆದು ಹಾಕಬೇಡಿ. ಮೊಲದ ಮಾಂಸ ತಿನ್ನುವವರು ನಮ್ಮಲ್ಲಿದ್ದಾರೆ, ಅದು ಅವರ ಊಟ. ನಿಮ್ಮ ಮೊಲ ಹಾಗೆ ಹೋಗಬಾರದು ಎಂದಿದ್ದರೆ ಬಾಯಿ ಬಿಟ್ಟು ಹೇಳಬೇಕು, ಮನೆಗೆ ಹೋಗಿ ನೋಡಬೇಕು. ನಾವು ಮೂರು ಮನೆ ನೋಡಿದೆವು. ಒಂದರಲ್ಲಿ ಎರಡು ದೊಡ್ಡ ನಾಯಿಗಳಿದ್ದವು. ವಡಗಾವಿಯ ಇನ್ನೊಂದು ಮನೆಯವರು ತುಂಬಾ ಒಳ್ಳೆಯ ಜನ, ಚಹಾ ಕುಡಿಸಿಯೇ ಕಳಿಸಿದರು. ಆದರೆ ಗೋಡೆಯ ಆಚೆಗೇ ಮಗ್ಗಗಳ ಸದ್ದು. ಬೆಚ್ಚುವ ಪ್ರಾಣಿಗೆ ಅಲ್ಲಿ ಕಷ್ಟ ಎಂದು ಅವರೇ ಒಪ್ಪಿಕೊಂಡರು. ಕೊನೆಗೆ ಖಾನಾಪುರ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಎರಡನ್ನೂ ಮನೆತುಂಬಿಸಿಕೊಂಡರು. ಅವರ ಹಿತ್ತಲಲ್ಲಿ ಮಾವಿನ ನೆರಳಿದೆ.

ನೆರಳಿನ ಮಾತು ಸುಮ್ನೆ ಬಂದದ್ದಲ್ಲ. ಮೊಲಕ್ಕೆ ಬೆವರುವುದಿಲ್ಲ. ಬೆಳಗಾವಿಯ ಹವೆ ಹೇಗೋ ನಡೆಯುತ್ತದೆ. ವಿಜಯಪುರ, ಬಾಗಲಕೋಟೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿಂದ ಸಾಗಿಸುವವರು ಬೆಳಗಿನ ಜಾವವೇ ಹೊರಡಬೇಕು. ಬಸ್ಸಿನಲ್ಲಿ ಹೋಗುವುದಾದರೆ ನಿಲ್ದಾಣದಲ್ಲಿ ಮೊದಲೇ ವಿಚಾರಿಸಿ, ಟಿಕೆಟ್ ಕೊಂಡೇ ಕೂರಿ. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಹಕ್ಕಿ ಒಯ್ದವರಿಗೆ 444 ರೂಪಾಯಿ ಟಿಕೆಟ್ ಹರಿದದ್ದು ಸುದ್ದಿಯಾಗಿತ್ತು.

ಕೊನೆಗೆ ಉಳಿದದ್ದು ಆಮೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಇದನ್ನು ರೆಡ್ ಇಯರ್ಡ್ ಸ್ಲೈಡರ್ ಎನ್ನುತ್ತಾರೆ. ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಅಂಗಡಿಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಇರುತ್ತದೆ, ಮಕ್ಕಳು ಕೇಳದೆ ಬಿಡುವುದಿಲ್ಲ. ಹೆಣ್ಣು ಆಮೆ 25ರಿಂದ 30 ಸೆಂಟಿಮೀಟರ್ ಬೆಳೆಯಬಲ್ಲದು, 30 ವರ್ಷ ಬದುಕಬಲ್ಲದು. ಗಾಜಿನ ತೊಟ್ಟಿ ಎರಡನೇ ವರ್ಷಕ್ಕೇ ಸಾಲುವುದಿಲ್ಲ. ಆಗ ಕೆರೆ ನೆನಪಾಗುತ್ತದೆ.

ಈ ನಾಲ್ಕರಲ್ಲಿ ಕೆರೆಗೆ ಬಿಟ್ಟರೆ ಬದುಕಿ ಉಳಿಯಬಲ್ಲದ್ದು ಇದೊಂದೇ, ಅಪಾಯವೂ ಅದೇ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮ ಹೊಳೆಯ ಆಮೆಗಳು ಬಿಸಿಲು ಕಾಯಿಸುವ ಬಂಡೆ, ತಿನ್ನುವ ಆಹಾರ ಎರಡನ್ನೂ ಇದು ಕಸಿಯುತ್ತದೆ. ನೀರಿಗೆ ಬಿಟ್ಟದ್ದು ಬಿಟ್ಟಲ್ಲೇ ಇರುವುದಿಲ್ಲ. ಅಕ್ವೇರಿಯಂ ಗಾಜು ನೆಕ್ಕಿ ಶುಚಿ ಮಾಡಲಿ ಎಂದು ತರುವ ಸಕ್ಕರ್ ಮೀನು ಆಂಧ್ರದ ಕೃಷ್ಣಾ ನದಿಯಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ನಮ್ಮ ಆಲಮಟ್ಟಿಯಿಂದ ಕೆಳಗೆ ಹರಿದು ಹೋಗುವ ಅದೇ ಕೃಷ್ಣೆ. ಇಂಥ ಹೊರಗಿನ ಜೀವಿಗಳನ್ನು ಇಟ್ಟುಕೊಳ್ಳುವುದನ್ನು, ಹಬ್ಬಿಸುವುದನ್ನು ತಡೆಯಲು 2022ರ ತಿದ್ದುಪಡಿಯ 62ಎ ಕಲಮು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ.

ಆದ್ದರಿಂದ ಈ ಆಮೆಯ ಮಟ್ಟಿಗೆ ಸಲಹೆ ಒಂದೇ. ಸುತ್ತ ಗೋಡೆ ಇರುವ, ಹೊಳೆ ಹಳ್ಳಕ್ಕೆ ಸೇರದ ತೊಟ್ಟಿ ಇದ್ದವರು ಸಿಗುವತನಕ ಕೈ ಬಿಡಬಾರದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಆಮೆಯಿಂದ ಸಾಲ್ಮೊನೆಲ್ಲಾ ಸೋಂಕು ಬರುತ್ತದೆ. ಅಮೆರಿಕ ತನ್ನದೇ ಈ ಆಮೆಯ ಸಣ್ಣ ಮರಿಗಳ ಮಾರಾಟವನ್ನು 1975ರಲ್ಲೇ ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಅಂಥ ತೊಟ್ಟಿ ಇದ್ದವರು ನಮಗೆ ಇನ್ನೂ ಸಿಕ್ಕಿಲ್ಲ. ಹಳೆಯ ನೀರಿನ ಟಾಕಿಯೊಂದನ್ನು ಅರ್ಧಕ್ಕೆ ಕೊಯ್ಸಿ ನಮ್ಮ ಮಾಳಿಗೆಯ ಮೇಲೆ ಇಟ್ಟಿದ್ದೇವೆ. ಒಳಗೆ ಏರಿ ಕೂರಲು ಒಂದು ಕಲ್ಲು, ಅರ್ಧ ಭಾಗಕ್ಕೆ ನೆರಳು, ಮೇಲೆ ಜಾಳಿಗೆ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಕಲ್ಲೇರಿ ಕತ್ತು ಚಾಚುತ್ತದೆ. ಕೋಲ್ಕತ್ತದಿಂದ ಮಕ್ಕಳು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ ನೋಡುತ್ತಾರೆ. ಅದಕ್ಕೀಗ ಆರು ವರ್ಷ. ಬೆನ್ನಿನ ಚಿಪ್ಪು ಒಂದು ಗೇಣಿಗೆ ಎರಡು ಬೆರಳು ಕಡಿಮೆ.